ಸರ್ಕಾರಿ ಪ್ರಾಥಮಿಕ ಶಾಲೆಗೆ ಮಗುವನ್ನು ಸೇರಿಸುವವರಿಗೆ: ದಾಖಲಾತಿಯಿಂದ ಮೊದಲ ವರ್ಷ ಮುಗಿಯುವವರೆಗೆ

ಬೇಸಿಗೆ ರಜೆ ಮುಗಿಯುತ್ತ ಬಂದಂತೆ ಶಾಲಾಭಿವೃದ್ಧಿ ಮತ್ತು ಮೇಲ್ವಿಚಾರಣಾ ಸಮಿತಿಯಲ್ಲಿ (ಎಸ್‌ಡಿಎಂಸಿ) ಇರುವ ನನ್ನಂಥವರ ಮನೆಗೆ ಹೊಸ ಪೋಷಕರು ಬರಲು ಶುರುವಾಗುತ್ತಾರೆ. ಯಾವ ಕಾಗದ ಬೇಕು, ಎಷ್ಟು ದುಡ್ಡು ಕಟ್ಟಬೇಕು, ಕನ್ನಡ ಮಾಧ್ಯಮವೋ ಇಂಗ್ಲಿಷ್ ಮಾಧ್ಯಮವೋ, ಊಟ ಚೆನ್ನಾಗಿರುತ್ತದೆಯೋ ಎಂದು ಕೇಳುತ್ತಾರೆ. ಖಾಸಗಿ ಶಾಲೆಯಲ್ಲಿ ಹಣ ಕಟ್ಟಿದ ಮೇಲೆ ಉಳಿದದ್ದನ್ನೆಲ್ಲ ಶಾಲೆಯೇ ನೋಡಿಕೊಳ್ಳುತ್ತದೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಸರ್ಕಾರಿ ಶಾಲೆಯಲ್ಲಿ ಕಾನೂನು ಮಗುವಿಗೆ ಕೊಟ್ಟಿರುವುದು ಬಹಳ. ಅದು ಮಗುವಿನ ಕೈ ಸೇರಬೇಕಾದರೆ ಮಾತ್ರ ಮನೆಯವರು ಕೇಳುತ್ತಿರಬೇಕು, ನೋಡುತ್ತಿರಬೇಕು, ಸಭೆಗೆ ಹೋಗಿ ಕೂರಬೇಕು. ಕರ್ನಾಟಕದ ಸರ್ಕಾರಿ ಶಾಲೆಗೆ ಮೊದಲ ಬಾರಿಗೆ ಮಗುವನ್ನು ಕಳಿಸುತ್ತಿರುವವರು ಏನನ್ನು ಯಾವಾಗ ಮಾಡಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

1. ಮೊದಲು ಶಾಲೆಯನ್ನು ನೋಡಿ ಬನ್ನಿ

ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೇ ತರಗತಿಯವರೆಗೆ ಇರುತ್ತದೆ. ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳು ಅಥವಾ ಎಂಟನೇ ತರಗತಿಯವರೆಗೆ. ಕರ್ನಾಟಕ ಪಬ್ಲಿಕ್ ಶಾಲೆಯಾದರೆ ಎಲ್‌ಕೆಜಿಯಿಂದ ದ್ವಿತೀಯ ಪಿಯುವರೆಗೆ ಒಂದೇ ಆವರಣದಲ್ಲಿ ಓದಬಹುದು. ಶಿಕ್ಷಣ ಹಕ್ಕು ಕಾಯ್ದೆಯ ಅಡಿಯಲ್ಲಿ ರಾಜ್ಯ ರೂಪಿಸಿದ ನಿಯಮಗಳ ಪ್ರಕಾರ ಐದನೇ ತರಗತಿಯವರೆಗಿನ ಶಾಲೆ 1 ಕಿಲೋಮೀಟರ್ ಒಳಗೆ, ಆರರಿಂದ ಎಂಟರವರೆಗಿನದು 3 ಕಿಲೋಮೀಟರ್ ಒಳಗೆ ಸಿಗಬೇಕು. ಮಗು ಗೆಳೆಯರ ಜೊತೆ ನಡೆದು ಹೋಗಬಹುದಾದ ಶಾಲೆಗೇ ನನ್ನ ಮೊದಲ ಮತ.

ಭಾನುವಾರ ಗೇಟಿನ ಹೊರಗೆ ನಿಂತು ಕಟ್ಟಡ ನೋಡಿದರೆ ಏನೂ ತಿಳಿಯುವುದಿಲ್ಲ. ಏಪ್ರಿಲ್ ಮೊದಲ ವಾರದೊಳಗೆ, ತರಗತಿ ನಡೆಯುವ ದಿನ, ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮೊದಲು ಹೋಗಿ. ಮುಖ್ಯ ಶಿಕ್ಷಕರಿಗೆ ನಮಸ್ಕಾರ ಹೇಳಿ ಬಂದ ವಿಷಯ ತಿಳಿಸಿದರೆ ಯಾರೂ ಬೇಡವೆನ್ನುವುದಿಲ್ಲ. ಶಿಕ್ಷಕರು ಎಷ್ಟು ಮಂದಿ, ಖಾಲಿ ಹುದ್ದೆ ಎಷ್ಟು, ಅತಿಥಿ ಶಿಕ್ಷಕರು ಬರುತ್ತಾರೆಯೇ ಎಂದು ಕೇಳಿ. ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಎಂಬುದು ಕಾಯ್ದೆಯ ಲೆಕ್ಕ. ಆದರೂ ಇಬ್ಬರೇ ಶಿಕ್ಷಕರು ಐದು ತರಗತಿ ನಡೆಸುವ ಶಾಲೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಥಲ್ಲೂ ಒಳ್ಳೆಯ ಕಲಿಕೆ ನಡೆಯುವುದನ್ನು ಕಂಡಿದ್ದೇನೆ, ಆದ್ದರಿಂದ ಸಂಖ್ಯೆಯೊಂದನ್ನೇ ನೋಡಿ ತೀರ್ಮಾನಿಸಬೇಡಿ. ಶೌಚಾಲಯದ ಬಾಗಿಲು ತೆರೆದಿದೆಯೇ, ಒಳಗೆ ನೀರಿದೆಯೇ ಎಂಬುದನ್ನು ಮಾತ್ರ ಕಣ್ಣಾರೆ ನೋಡಲೇಬೇಕು. ಬೀಗ ಹಾಕಿದ ಶೌಚಾಲಯದಿಂದಾಗಿ ದಿನವಿಡೀ ನೀರು ಕುಡಿಯದೆ ಕೂರುವ ಹೆಣ್ಣುಮಕ್ಕಳಿದ್ದಾರೆ.

2. ವಯಸ್ಸು ಮತ್ತು ಮಾಧ್ಯಮ

ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬ ಆದೇಶ 2022ರಲ್ಲಿ ಹೊರಟಿತು. ಅದರ ಜಾರಿಯನ್ನು 2025-26ನೇ ಸಾಲಿಗೆ ಮುಂದೂಡಲಾಯಿತು. ಆ ವರ್ಷವೂ ಯುಕೆಜಿ ಮುಗಿಸಿದ್ದು 5 ವರ್ಷ 5 ತಿಂಗಳು ತುಂಬಿದವರಿಗೆ ಒಂದು ಬಾರಿಯ ಸಡಿಲಿಕೆ ಸಿಕ್ಕಿತು. ವರ್ಷದಿಂದ ವರ್ಷಕ್ಕೆ ಸುತ್ತೋಲೆ ಹೊರಡುತ್ತಿರುವುದರಿಂದ ನಿಮ್ಮ ಸಾಲಿನ ಸುತ್ತೋಲೆಯನ್ನೇ ಮುಖ್ಯ ಶಿಕ್ಷಕರಿಂದ ಕೇಳಿ ಓದಿ. ಕೆಲವು ದಿನ ಕಡಿಮೆ ಬಿದ್ದಿತೆಂದು ಜನ್ಮದಿನಾಂಕ ಹಿಂದೆ ಮುಂದೆ ಮಾಡಿಸುವ ಯೋಚನೆ ಬೇಡವೇ ಬೇಡ. ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಮಾಧ್ಯಮದ ವಿಷಯಕ್ಕೆ ಬರೋಣ. 2019-20ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಕನ್ನಡ ಮಾಧ್ಯಮದ ಜೊತೆಗೆ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರುವಾಯಿತು, ಆಮೇಲೆ ಇನ್ನಷ್ಟು ಶಾಲೆಗಳಿಗೆ ಹಬ್ಬಿತು. ಹೀಗಾಗಿ ಒಂದೇ ಶಾಲೆಯಲ್ಲಿ ಎರಡೂ ಇರಬಹುದು. ಉರ್ದು, ಮರಾಠಿ, ತಮಿಳು, ತೆಲುಗು ಮಾಧ್ಯಮದ ಸರ್ಕಾರಿ ಶಾಲೆಗಳೂ ರಾಜ್ಯದಲ್ಲಿವೆ. ಕನ್ನಡ ಮಾಧ್ಯಮ ಎಂದರೆ ಇಂಗ್ಲಿಷ್ ಇಲ್ಲ ಎಂದು ತಿಳಿಯಬೇಡಿ, ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿರುತ್ತದೆ. ಮನೆಯಲ್ಲಿ ಕನ್ನಡ ಆಡುವ ಮಗುವಿಗೆ ಮೊದಲ ವರ್ಷಗಳಲ್ಲಿ ಕನ್ನಡದಲ್ಲೇ ಓದು ಬರಹ ಗಟ್ಟಿಯಾಗಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಲೆಕ್ಕವೂ ಪರಿಸರದ ಪಾಠವೂ ತಿಳಿಯುವ ಭಾಷೆಯಲ್ಲಿ ಬಂದರೆ ಮಗು ಪ್ರಶ್ನೆ ಕೇಳುತ್ತದೆ, ಇಲ್ಲವಾದರೆ ಸುಮ್ಮನೆ ಬಾಯಿಪಾಠ ಮಾಡುತ್ತದೆ.

ಇನ್ನೊಂದು ಲಾಭ ಬಹಳ ಪೋಷಕರ ಗಮನಕ್ಕೇ ಬಂದಿರುವುದಿಲ್ಲ. ಒಂದರಿಂದ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಎಂಬ ಪ್ರವೇಶ ಪರೀಕ್ಷೆಯ ಮೂಲಕ ಸಿಗುವ ವೃತ್ತಿಪರ ಕೋರ್ಸುಗಳಲ್ಲಿ ಶೇ 5 ಮೀಸಲಾತಿ ಇದೆ, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15. ರಾಜ್ಯ ಸರ್ಕಾರದ ನೇಮಕಾತಿಯಲ್ಲೂ ಕನ್ನಡ ಮಾಧ್ಯಮಕ್ಕೆ ಶೇ 5 ಇದೆ. ಅರ್ಜಿಯಲ್ಲಿ ಯಾವ ಮಾಧ್ಯಮಕ್ಕೆ ಗುರುತು ಹಾಕಿದ್ದಾರೆ ಎಂಬುದನ್ನು ಸಹಿ ಮಾಡುವ ಮುನ್ನ ನೋಡಿಕೊಳ್ಳಲು ಇದೂ ಒಂದು ಕಾರಣ.

3. ಕಾಗದಪತ್ರ ಹೊಂದಿಸಿಕೊಳ್ಳಿ

ಜನನ ಪ್ರಮಾಣಪತ್ರ, ಮಗುವಿನ ಮತ್ತು ತಂದೆ ತಾಯಿಯ ಆಧಾರ್ ಪ್ರತಿ, ಪಡಿತರ ಚೀಟಿಯ ಪ್ರತಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್ ಪುಸ್ತಕದ ಮೊದಲ ಪುಟ, ಪಾಸ್‌ಪೋರ್ಟ್ ಅಳತೆಯ ಭಾವಚಿತ್ರಗಳು. ಎರಡನೇ ಅಥವಾ ಮೇಲಿನ ತರಗತಿಗೆ ಬೇರೆ ಶಾಲೆಯಿಂದ ಬರುತ್ತಿದ್ದರೆ ವರ್ಗಾವಣೆ ಪತ್ರ, ಅಂದರೆ ಟಿಸಿ. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೇ ತಿಂಗಳಲ್ಲೇ ಮಾಡಿಸಿಕೊಳ್ಳಿ, ಜೂನ್‌ನಲ್ಲಿ ಅಲ್ಲಿ ಸಾಲು ಉದ್ದವಾಗುತ್ತದೆ. ಆ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ವಿದ್ಯಾರ್ಥಿವೇತನದ ಅರ್ಜಿಗೆ ಬೇಕೇ ಬೇಕು.

ಇವೆಲ್ಲ ಇದ್ದರೆ ಕೆಲಸ ಸಲೀಸು. ಇಲ್ಲದಿದ್ದರೂ ಮಗುವನ್ನು ವಾಪಸ್ ಕಳಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸಬಾರದು. 15ನೇ ಸೆಕ್ಷನ್ ಪ್ರಕಾರ ದಾಖಲಾತಿಯ ಅವಧಿ ಮುಗಿದ ಮೇಲೆ ಬಂದ ಮಗುವನ್ನೂ ಸೇರಿಸಿಕೊಳ್ಳಬೇಕು. ಟಿಸಿ ತಡವಾಯಿತೆಂಬುದು 5ನೇ ಸೆಕ್ಷನ್ ಪ್ರಕಾರ ನೆಪವಾಗಲಾರದು. ಆಧಾರ್ ಇಲ್ಲವೆಂಬ ಕಾರಣಕ್ಕೆ ಶಾಲೆಗೆ ಸೇರಿಸಿಕೊಳ್ಳದಿರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ತೀರ್ಪಿನಲ್ಲಿ ಹೇಳಿದೆ. ರಾಯಚೂರು, ಯಾದಗಿರಿಯ ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದವರು ಮಕ್ಕಳನ್ನು ಶೆಡ್ಡಿನಲ್ಲೇ ಉಳಿಸಿಕೊಳ್ಳಲು ಮುಖ್ಯ ಕಾರಣ 'ಕಾಗದ ಊರಲ್ಲಿದೆ' ಎಂಬ ಹಿಂಜರಿಕೆ. ಕಾಗದ ಆಮೇಲೆ ತರಿಸಿಕೊಂಡರಾಯಿತು, ಮಗು ನಾಳೆಯೇ ಶಾಲೆಗೆ ಹೋಗಲಿ.

ಶುಲ್ಕದ ಮಾತು: ಎಂಟನೇ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಶಿಕ್ಷಣ ಉಚಿತ. ಮಗುವಿಗೆ ಪ್ರವೇಶ ಪರೀಕ್ಷೆ ಮಾಡುವಂತಿಲ್ಲ. ಪೋಷಕರಿಂದ ತಿಂಗಳಿಗೆ ₹100ರವರೆಗೆ ದೇಣಿಗೆ ಪಡೆಯಬಹುದು ಎಂದು 2022ರ ಅಕ್ಟೋಬರ್‌ನಲ್ಲಿ ಇಲಾಖೆಯಿಂದ ಸುತ್ತೋಲೆ ಹೊರಟಿತ್ತು, ವಿರೋಧ ಬಂದ ಕೂಡಲೇ ಅದನ್ನು ಹಿಂಪಡೆದರು. ಶಾಲೆಗೆ ನೀವಾಗಿ ಕೊಡುವುದು ಬೇರೆ ಮಾತು, ಕೊಟ್ಟರೆ ರಸೀದಿ ಪಡೆಯಿರಿ.

4. ದಾಖಲಾತಿ ವಹಿಯ ಮುಂದೆ ಕುಳಿತು ಓದಿ

ಇದಕ್ಕಿಂತ ಮುಖ್ಯವಾದ ಹೆಜ್ಜೆ ಇಡೀ ಬರಹದಲ್ಲಿ ಇನ್ನೊಂದಿಲ್ಲ. ನಿಮ್ಮ ಅರ್ಜಿ ನೋಡಿಕೊಂಡು ಮುಖ್ಯ ಶಿಕ್ಷಕರು ದಾಖಲಾತಿ ವಹಿಯಲ್ಲಿ ಒಂದು ಸಾಲು ಬರೆಯುತ್ತಾರೆ: ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನಾಂಕ, ಹುಟ್ಟಿದ ಊರು, ಜಾತಿ, ಮಾತೃಭಾಷೆ. ಅದೇ ಸಾಲು ಎಸ್‌ಎಟಿಎಸ್ ಎಂಬ ವಿದ್ಯಾರ್ಥಿ ಸಾಧನಾ ತಂತ್ರಾಂಶಕ್ಕೆ ಹೋಗುತ್ತದೆ. ಅಲ್ಲಿಂದ ಟಿಸಿಗೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಮುಂದೆ ಪಾಸ್‌ಪೋರ್ಟಿಗೆ, ನೌಕರಿಯ ಕಡತಕ್ಕೆ.

ಒಂದು ಉದಾಹರಣೆ ನೋಡಿ. ಜನನ ಪ್ರಮಾಣಪತ್ರದಲ್ಲಿ 'ಭಾಗ್ಯಶ್ರೀ', ಆಧಾರ್‌ನಲ್ಲಿ 'ಭಾಗ್ಯ', ಮನೆಯವರು ಹೇಳಿ ಬರೆಸಿದ್ದು 'ಭಾಗ್ಯಲಕ್ಷ್ಮಿ'. ಒಂದನೇ ತರಗತಿಯಲ್ಲಿ ಇದು ಯಾರಿಗೂ ತೊಡಕೆನಿಸುವುದಿಲ್ಲ. ವಿದ್ಯಾರ್ಥಿವೇತನದ ಅರ್ಜಿ ಹಾಕುವ ದಿನ ಹೆಸರು ತಾಳೆಯಾಗದೆ ತಂತ್ರಾಂಶ ತಿರಸ್ಕರಿಸುತ್ತದೆ. ಹತ್ತನೇ ತರಗತಿ ದಾಟಿದ ಮೇಲೆ ಜನ್ಮದಿನಾಂಕ ಸರಿಪಡಿಸಲು ನ್ಯಾಯಾಲಯದ ಮೆಟ್ಟಿಲು ಹತ್ತಿದವರಿದ್ದಾರೆ. ಆದ್ದರಿಂದ ಜನನ ಪ್ರಮಾಣಪತ್ರದಲ್ಲಿ ಇರುವ ಹೆಸರೇ ಎಲ್ಲ ಕಡೆಯೂ ಇರಲಿ. ಆಧಾರ್ ತಪ್ಪಿದ್ದರೆ ಮೊದಲು ಅದನ್ನು ತಿದ್ದಿಸಿ. ಇನಿಷಿಯಲ್ ಹೆಸರಿನ ಮುಂದೆಯೋ ಹಿಂದೆಯೋ, ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಬರೆಯುವ ರೀತಿ ಯಾವುದು, ತಾಯಿಯ ಹೆಸರು ಅವರ ಆಧಾರ್‌ನಲ್ಲಿ ಇರುವಂತೆಯೇ ಇದೆಯೇ ಎಂದು ಒಂದೊಂದಾಗಿ ನೋಡಿ. 'ಮೇಷ್ಟ್ರೇ, ಬರೆದದ್ದನ್ನು ಒಮ್ಮೆ ತೋರಿಸುತ್ತೀರಾ' ಎಂದು ಕೇಳಿದರೆ ಯಾವ ಶಿಕ್ಷಕರೂ ಬೇಸರಿಸುವುದಿಲ್ಲ. ತಿದ್ದುಪಡಿಯ ಓಡಾಟ ಅವರಿಗೂ ತಪ್ಪುತ್ತದೆ. ಓದಲು ಬಾರದವರು ನೆರೆಮನೆಯ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಕರೆದೊಯ್ಯಿರಿ.

ಮಗುವಿನ ಎಸ್‌ಎಟಿಎಸ್ ಸಂಖ್ಯೆ ಬಂದ ಕೂಡಲೇ ಬರೆದಿಟ್ಟುಕೊಳ್ಳಿ, ಮೊಬೈಲಿನಲ್ಲಿ ಅದರ ಒಂದು ಫೋಟೊವೂ ಇರಲಿ. ಶಾಲೆ ಬದಲಾದರೂ ಈ ಸಂಖ್ಯೆ ಬದಲಾಗುವುದಿಲ್ಲ.

5. ಶಾಲೆಯಿಂದ ಏನೇನು ಬರುತ್ತದೆ, ನೀವು ಏನು ಕೊಳ್ಳಬೇಕು

ಶಾಲೆ ಸಾಮಾನ್ಯವಾಗಿ ಮೇ ಕೊನೆಯ ವಾರದಲ್ಲಿ ತೆರೆದು ಏಪ್ರಿಲ್ 10ರ ಸುಮಾರಿಗೆ ಮುಗಿಯುತ್ತದೆ. ನಡುವೆ ದಸರಾ ರಜೆ. ಆರಂಭದ ದಿನ ಪ್ರಾರಂಭೋತ್ಸವ: ತಳಿರು ತೋರಣ, ಮಕ್ಕಳಿಗೆ ಹೂವು, ಊಟಕ್ಕೆ ಸಿಹಿ. ಆ ದಿನ ಮನೆಯ ಯಾರಾದರೂ ಜೊತೆಗೆ ಹೋಗಿ.

ವಿದ್ಯಾವಿಕಾಸ ಯೋಜನೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಒಂದು ಜೊತೆ ಶೂ ಮತ್ತು ಕಾಲುಚೀಲ ಉಚಿತ. ಸಮವಸ್ತ್ರ ಬಟ್ಟೆಯಾಗಿ ಬಂದರೆ ಹೊಲಿಗೆಯ ಖರ್ಚು ನಿಮ್ಮದು. ಎಲ್ಲವೂ ಮೊದಲ ದಿನವೇ ಬರುವುದಿಲ್ಲ. ಬರುವತನಕ ಮನೆಯ ಬಟ್ಟೆಯಲ್ಲೇ ಕಳಿಸಿ, ಅದಕ್ಕಾಗಿ ಮಗುವನ್ನು ಯಾರೂ ಹೊರಗೆ ನಿಲ್ಲಿಸುವಂತಿಲ್ಲ. ಶೂ ಅಳತೆ ತೆಗೆದುಕೊಳ್ಳುವಾಗ ಒಂದು ಅಳತೆ ದೊಡ್ಡದನ್ನೇ ಹೇಳಿ, ಶೂ ಬರುವಷ್ಟರಲ್ಲಿ ಕಾಲು ಬೆಳೆದಿರುತ್ತದೆ. ಪುಸ್ತಕ ಕಳೆದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎಲ್ಲ ಪಠ್ಯಗಳೂ ಪುಕ್ಕಟೆ ಸಿಗುತ್ತವೆ.

ನೀವು ಕೊಳ್ಳಬೇಕಾದವು: ಹಗುರ ಚೀಲ, ಸ್ಲೇಟು, ಬಳಪ, ಒಂದೆರಡು ನೋಟ್ ಪುಸ್ತಕ, ಪೆನ್ಸಿಲ್, ನೀರಿನ ಬಾಟಲಿ. ತಟ್ಟೆ ಲೋಟ ಶಾಲೆಯಲ್ಲಿ ಇಲ್ಲದಿದ್ದರೆ ಅದೂ ಬೇಕು, ಹೆಸರು ಕೊರೆಸಿ ಕಳಿಸಿ. 2019ರ ಸುತ್ತೋಲೆಯಂತೆ ಒಂದು ಮತ್ತು ಎರಡನೇ ತರಗತಿಯ ಮಕ್ಕಳ ಚೀಲ 2 ಕಿಲೋ ಮೀರಬಾರದು, ಆ ತರಗತಿಗಳಿಗೆ ಮನೆಗೆಲಸವನ್ನೂ ಕೊಡಬಾರದು. 'ಏನೂ ಹೋಂವರ್ಕ್ ಕೊಡುವುದಿಲ್ಲ' ಎಂದು ಶಿಕ್ಷಕರನ್ನು ದೂರುವ ಮುನ್ನ ಇದು ನೆನಪಿರಲಿ.

6. ದಿನಚರಿ ಮತ್ತು ಬಿಸಿಯೂಟ

ಹೆಚ್ಚಿನ ಕಡೆ ಬೆಳಗ್ಗೆ 10ರ ಆಸುಪಾಸಿನಲ್ಲಿ ಪ್ರಾರ್ಥನೆ. ನಾಡಗೀತೆ, ಸಂವಿಧಾನ ಪೀಠಿಕೆಯ ಓದು, ರಾಷ್ಟ್ರಗೀತೆ. ಸಂಜೆ ನಾಲ್ಕು ದಾಟಿದ ಮೇಲೆ ಬಿಡುತ್ತಾರೆ. ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತದೆ. ಕೂಲಿಗೆ ಹೋಗುವ ತಂದೆ ತಾಯಿ ಶನಿವಾರ ಮಗುವನ್ನು ಯಾರು ಕರೆತರುತ್ತಾರೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ರಾಜ್ಯದ ಉತ್ತರದ ಜಿಲ್ಲೆಗಳಲ್ಲಿ ಶುರುವಾಗಿ ಎಲ್ಲೆಡೆ ಹರಡಿತು. ಐದನೇ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ, ಆರರಿಂದ ಎಂಟರವರಿಗೆ 150 ಗ್ರಾಂ ಧಾನ್ಯದ ಲೆಕ್ಕ. 2013ರಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯ 150 ಮಿಲಿಲೀಟರ್ ಹಾಲು ಈಗ ವಾರಕ್ಕೆ ಐದು ದಿನ ಸಿಗುತ್ತದೆ, ಕೆಲವು ದಿನ ಅದಕ್ಕೆ ರಾಗಿ ಹಿಟ್ಟು ಬೆರೆಸುತ್ತಾರೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವು ಸೇರಿ ಮೊಟ್ಟೆ ವಾರದ ಆರು ದಿನಕ್ಕೆ ಏರಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ನಿಮ್ಮ ಮಗುವಿಗೆ ಯಾವುದು ಎಂದು ಮೊದಲ ವಾರವೇ ತರಗತಿ ಶಿಕ್ಷಕರಿಗೆ ತಿಳಿಸಿ. ಹಾಲು ಅಥವಾ ಶೇಂಗಾ ಒಗ್ಗದ ಮಗುವಾದರೆ ಅಡುಗೆಯವರಿಗೂ ಹೇಳಿ, ಒಂದು ಚೀಟಿಯಲ್ಲಿ ಬರೆದೂ ಕೊಡಿ.

ಮಧ್ಯಾಹ್ನದ ಹೊತ್ತು ಆಗಾಗ ಹೋಗಿ ಮಕ್ಕಳ ಸಾಲಿನಲ್ಲಿ ಕುಳಿತು ಒಂದು ತುತ್ತು ಉಣ್ಣಿ. ಬೇಳೆ ಬೆಂದಿದೆಯೇ, ಸಾರಿನಲ್ಲಿ ತರಕಾರಿ ಇದೆಯೇ ಎಂದು ಹೇಳಲು ಬೇರೆ ಯಾವ ಅಧಿಕಾರಿಯೂ ಬೇಕಿಲ್ಲ. ಅಡುಗೆ ಮಾಡುವ ಅಕ್ಕಂದಿರಿಗೆ ಸಿಗುವ ಗೌರವಧನ ಬಹಳ ಕಡಿಮೆ. ಅವರೊಡನೆ ಪ್ರೀತಿಯಿಂದ ಮಾತನಾಡಿ, ಚೆನ್ನಾಗಿದ್ದ ದಿನ ಚೆನ್ನಾಗಿದೆ ಎಂದು ಹೇಳಿ.

7. ನಲಿ-ಕಲಿ ಕೋಣೆಯನ್ನು ಅರ್ಥ ಮಾಡಿಕೊಳ್ಳಿ

ಹೊಸ ಪೋಷಕರಿಗೆ ಹೆಚ್ಚು ಗಾಬರಿ ಹುಟ್ಟಿಸುವುದು ಇದು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕುಳಿತಿರುತ್ತಾರೆ. ಸಾಲುಬೆಂಚು ಇಲ್ಲ. ಒಂದು ಗುಂಪಿನ ಜೊತೆ ಶಿಕ್ಷಕಿ, ಇನ್ನೊಂದು ಗುಂಪಿನಲ್ಲಿ ದೊಡ್ಡ ಮಗು ಚಿಕ್ಕ ಮಗುವಿಗೆ ಕಾರ್ಡು ತೋರಿಸುತ್ತಿದೆ, ಮೂಲೆಯಲ್ಲಿ ಒಬ್ಬನು ತಾನೊಬ್ಬನೇ ಕಲ್ಲು ಜೋಡಿಸಿ ಎಣಿಸುತ್ತಿದ್ದಾನೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟಕುವ ಕಪ್ಪುಹಲಗೆ, ತಲೆಯ ಮೇಲೆ ದಾರಕ್ಕೆ ಕಟ್ಟಿದ ಅವರ ಚಿತ್ರಗಳು. ಗದ್ದಲ ಸಾಕಷ್ಟಿರುತ್ತದೆ. ಪಾಠವೇ ನಡೆಯುತ್ತಿಲ್ಲ ಎಂದು ಬಾಗಿಲಿನಿಂದ ನೋಡಿದವರಿಗೆ ಅನಿಸುತ್ತದೆ.

ನಡೆಯುತ್ತಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಮಾದರಿಯನ್ನು ನೋಡಿ ಬಂದು ಕಟ್ಟಿದ ಪದ್ಧತಿ ಇದು, 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದಿತು. ಪ್ರತಿ ಮಗುವೂ ಕಲಿಕಾ ಏಣಿಯ ಒಂದೊಂದು ಮೆಟ್ಟಿಲನ್ನು ತನ್ನ ವೇಗದಲ್ಲೇ ಹತ್ತುತ್ತದೆ. ಜ್ವರ ಬಂದು ಒಂದು ವಾರ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ.

ಅಕ್ಷರ ಕಲಿಸುವ ಕ್ರಮ ಕೂಡ ನಾವು ಕಲಿತಂತೆ ಇಲ್ಲ. ಅ ಆ ಇ ಈ ಎಂದು ಶುರುವಾಗದೆ ರ, ಗ, ಸ, ದ, ಅ ಎಂದು ಶುರುವಾಗುತ್ತದೆ. ಈ ಐದು ಅಕ್ಷರ ಬಂದರೆ ಸಾಕು, ಮಗು ಸರ, ದರ, ಅರಸ, ಅಗಸ, ಗರಗಸ ಎಂಬ ಪದಗಳನ್ನು ಓದಿಬಿಡುತ್ತದೆ. ವರ್ಣಮಾಲೆ ಮುಗಿಯುವವರೆಗೆ ಕಾಯಬೇಕಿಲ್ಲ. ಜುಲೈನಲ್ಲಿ ಮಗುವಿಗೆ 'ಆ' ಬರೆಯಲು ಬರುತ್ತಿಲ್ಲವೆಂದು ಸಂಜೆ ಕೂರಿಸಿ ತಿದ್ದಿಸಬೇಡಿ. ಇವತ್ತು ಯಾವ ಅಕ್ಷರ ಕಲಿತೆ ಎಂದು ಕೇಳಿ, ಅದೇ ಅಕ್ಷರಗಳಿಂದ ಆಗುವ ಪದಗಳನ್ನು ಅಂಗಳದಲ್ಲಿ ಸೀಮೆಸುಣ್ಣದಿಂದ ಬರೆದು ಓದಿಸಿ. ಮಗು ಯಾವ ಮೆಟ್ಟಿಲಿನಲ್ಲಿದೆ ಎಂಬುದು ಶಿಕ್ಷಕರ ಬಳಿಯ ಪ್ರಗತಿ ನೋಟದಲ್ಲಿ ಇರುತ್ತದೆ. ತಿಂಗಳಿಗೊಮ್ಮೆ ಕೇಳಿ ನೋಡಿ. ಎರಡು ತಿಂಗಳು ಅದೇ ಮೆಟ್ಟಿಲಿನಲ್ಲಿ ನಿಂತಿದ್ದರೆ ಆಗ ಮಾತನಾಡಬೇಕು, ಬಹಳ ಸಲ ಕಾರಣ ಕಣ್ಣೋ ಕಿವಿಯೋ ಆಗಿರುತ್ತದೆ.

8. ಆರೋಗ್ಯ ಮತ್ತು ವಿಶೇಷ ಅಗತ್ಯ

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೇ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಜಂತುಹುಳುವಿನ ಮಾತ್ರೆ, ಕಬ್ಬಿಣಾಂಶದ ಮಾತ್ರೆ ಶಾಲೆಯಲ್ಲೇ ಕೊಡುತ್ತಾರೆ. ಆ ದಿನ ಮಗುವನ್ನು ಖಾಲಿ ಹೊಟ್ಟೆಯಲ್ಲಿ ಕಳಿಸಬೇಡಿ. ಐದರಿಂದ ಆರು ವರ್ಷದ ನಡುವಿನ ಡಿಪಿಟಿ ಬೂಸ್ಟರ್ ಹಾಕಿಸಿದೆಯೇ ಎಂದು ತಾಯಿ ಕಾರ್ಡ್ ತೆಗೆದು ನೋಡಿ.

ಅಂಗವೈಕಲ್ಯ ಅಥವಾ ಕಲಿಕೆಯ ತೊಡಕು ಇರುವ ಮಗುವನ್ನೂ ಹತ್ತಿರದ ಶಾಲೆ ಸೇರಿಸಿಕೊಳ್ಳಲೇಬೇಕು. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಇಂಥ ಮಕ್ಕಳಿಗೆಂದೇ ತರಬೇತಿ ಪಡೆದ ಶಿಕ್ಷಕರಿರುತ್ತಾರೆ. ಸಾಧನ ಸಲಕರಣೆಗಳ ಶಿಬಿರವೂ ನಡೆಯುತ್ತದೆ, ಹಾಸಿಗೆ ಹಿಡಿದ ಮಗುವಿಗೆ ಗೃಹಾಧಾರಿತ ಶಿಕ್ಷಣವೂ ಇದೆ. ದಾಖಲಾತಿಯ ದಿನವೇ ವಿಷಯ ಹೇಳಿಬಿಡಿ, ಮುಚ್ಚಿಟ್ಟರೆ ಒಂದು ವರ್ಷ ವ್ಯರ್ಥವಾಗುತ್ತದೆ.

9. ವಿದ್ಯಾರ್ಥಿವೇತನ

ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನದ ಅರ್ಜಿಗಳು ಎಸ್‌ಎಸ್‌ಪಿ ಎಂಬ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ ಮೂಲಕವೇ ಹೋಗುತ್ತವೆ. ಬ್ಯಾಂಕ್ ಖಾತೆ ಇದ್ದರೆ ಸಾಲದು, ಆ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಅರ್ಜಿ ಮಂಜೂರಾಗಿಯೂ ಹಣ ಬಾರದಿರುವುದಕ್ಕೆ ಮುಕ್ಕಾಲುಪಾಲು ಇದೇ ಕಾರಣ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿಯಾಗಿದ್ದರೆ ಮಕ್ಕಳ ಓದಿಗೆ ಅಲ್ಲಿಯೂ ಸಹಾಯಧನವಿದೆ, ಕಾರ್ಡ್ ನವೀಕರಿಸಿಟ್ಟುಕೊಳ್ಳಿ.

10. ಎಸ್‌ಡಿಎಂಸಿ ಸಭೆಗೆ ಹೋಗಿ

ಕರ್ನಾಟಕದಲ್ಲಿ ಎಸ್‌ಡಿಎಂಸಿ 2001ರಲ್ಲೇ ಬಂದಿತು, ಶಿಕ್ಷಣ ಹಕ್ಕು ಕಾಯ್ದೆಗೂ ಎಷ್ಟೋ ಮೊದಲು. ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು. ಅಧ್ಯಕ್ಷರು ಪೋಷಕರಲ್ಲಿ ಒಬ್ಬರು, ಮುಖ್ಯ ಶಿಕ್ಷಕರು ಕಾರ್ಯದರ್ಶಿ. ಶಾಲೆಗೆ ಬಂದ ಅನುದಾನ ಎಷ್ಟು, ಯಾವುದಕ್ಕೆ ಖರ್ಚಾಯಿತು ಎಂದು ಕೇಳುವ ಹಕ್ಕು ಇಲ್ಲಿದೆ. ಹೆಚ್ಚಿನ ಕಡೆ ತೊಂದರೆ ಏನೆಂದರೆ, ಕೂಲಿ ಬಿಟ್ಟು ಬರಲಾಗದ ತಾಯಂದಿರ ಹೆಸರು ಪಟ್ಟಿಯಲ್ಲಿರುತ್ತದೆ, ಸಭೆಯಲ್ಲಿ ಮಾತನಾಡುವವರು ಬೇರೆ ಯಾರೋ ಆಗಿರುತ್ತಾರೆ. ಸಭೆ ಸಂಜೆ ಇಡಿ ಎಂದು ಕೇಳಿ. ತಾಯಂದಿರೇ, ಗಂಡನನ್ನು ಕಳಿಸದೆ ನೀವೇ ಬನ್ನಿ. ಶೌಚಾಲಯಕ್ಕೆ ನೀರಿಲ್ಲ ಎಂಬ ಮಾತು ಮೊದಲು ನಿಮ್ಮ ಬಾಯಿಂದಲೇ ಬರುತ್ತದೆ. ಸಮುದಾಯದತ್ತ ಶಾಲೆ ಕಾರ್ಯಕ್ರಮ ನಡೆಯುವ ದಿನ ಮಗುವಿನ ಉತ್ತರಪತ್ರಿಕೆ, ನೋಟ್ ಪುಸ್ತಕ ಎಲ್ಲವನ್ನೂ ತೋರಿಸುತ್ತಾರೆ, ಅದನ್ನು ತಪ್ಪಿಸಿಕೊಳ್ಳಬೇಡಿ.

11. ತೊಂದರೆ ಬಂದರೆ ಯಾರ ಹತ್ತಿರ ಹೋಗಬೇಕು

ಮೊದಲು ತರಗತಿ ಶಿಕ್ಷಕರು, ಆಮೇಲೆ ಮುಖ್ಯ ಶಿಕ್ಷಕರು, ನಂತರ ಎಸ್‌ಡಿಎಂಸಿ. ಅಲ್ಲಿಗೂ ಬಗೆಹರಿಯದಿದ್ದರೆ ಹತ್ತಿರದ ಶಾಲೆಗಳ ಗುಂಪಾದ ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ), ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ, ಜಿಲ್ಲೆಯ ಉಪನಿರ್ದೇಶಕರು. ಬಾಯಿಮಾತಿನ ದೂರು ಗಾಳಿಯಲ್ಲಿ ಹೋಗುತ್ತದೆ. ಒಂದು ಹಾಳೆಯಲ್ಲಿ ಬರೆದು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಲಿಖಿತ ದೂರನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕು.

ಹೊಡೆತ, ಜಾತಿಯ ಕಾರಣಕ್ಕೆ ಬೇರೆ ಕೂರಿಸುವುದು, ಮೈಮುಟ್ಟುವಿಕೆ, ಇಂಥವುಗಳಿಗೆ ಈ ಮೆಟ್ಟಿಲುಗಳನ್ನು ಹತ್ತುತ್ತ ಕೂರಬೇಡಿ. ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಮಕ್ಕಳ ಸಹಾಯವಾಣಿ 1098, ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕರೆ ಉಚಿತ. ಮಗುವಿಗೂ ಆ ಸಂಖ್ಯೆಯನ್ನು ಬಾಯಿಪಾಠ ಮಾಡಿಸಿ.

12. ಊರು ಬಿಡಬೇಕಾಗಿ ಬಂದರೆ

ಹೇಳದೆ ಕೇಳದೆ ಹೊರಟುಬಿಡಬೇಡಿ. ಹೋಗುವ ವಿಷಯ ಮುಖ್ಯ ಶಿಕ್ಷಕರಿಗೆ ತಿಳಿಸಿದರೆ ಅವರು ಎಸ್‌ಎಟಿಎಸ್‌ನಲ್ಲಿಯೇ ಟಿಸಿ ತಯಾರಿಸಿ ಕೊಡುತ್ತಾರೆ, ಹೊಸ ಶಾಲೆ ಅದೇ ಸಂಖ್ಯೆಯಿಂದ ಮಗುವನ್ನು ತನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಹಳೆಯ ಶಾಲೆಯ ಪಟ್ಟಿಯಿಂದ ಹೆಸರು ಬಿಡುಗಡೆಯಾಗದಿದ್ದರೆ ಹೊಸ ಶಾಲೆಯಲ್ಲಿ ಮಗು ಕುಳಿತಿದ್ದರೂ ತಂತ್ರಾಂಶದಲ್ಲಿ ಇರುವುದಿಲ್ಲ, ಪುಸ್ತಕ ಸಮವಸ್ತ್ರದ ಲೆಕ್ಕಕ್ಕೂ ಬರುವುದಿಲ್ಲ. ಟಿಸಿ ಕೈಗೆ ಬಂದಾಗ ಹೆಸರು, ದಿನಾಂಕ, ಮಾಧ್ಯಮ ಮೂರನ್ನೂ ಅಲ್ಲೇ ನಿಂತು ಓದಿ, ತಪ್ಪಿದ್ದರೆ ಹೊರಡುವ ಮೊದಲೇ ತಿದ್ದಿಸಿ. ಮುಂದೆ ಕನ್ನಡ ಮಾಧ್ಯಮದ ಅಥವಾ ಗ್ರಾಮೀಣ ಮೀಸಲಾತಿ ಕೇಳಲು ಓದಿದ ಪ್ರತಿ ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರ ಬೇಕಾಗುತ್ತದೆ. ಆದ್ದರಿಂದ ಬಿಟ್ಟ ಶಾಲೆಯ ಪೂರ್ತಿ ಹೆಸರು, ದಾಖಲಾತಿ ಸಂಖ್ಯೆ, ಸೇರಿದ ಮತ್ತು ಬಿಟ್ಟ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದು ಜನನ ಪ್ರಮಾಣಪತ್ರದ ಜೊತೆಗೇ ಇಡಿ.